‘ಹಿಯರ್ ಓನ್ಲಿ’ ಅಂದವರನ್ನು ನೋಡಿ ನಗುವ ಮೊದಲು

ಮಾನ್ಯ ಸಂಪಾದಕರೇ,

ನಮ್ಮವರ ಇಂಗ್ಲಿಷನ್ನು ಆಡಿಕೊಂಡು ನಗುವ ರೀಲ್ಸ್ ಈಗ ಜಾಸ್ತಿಯಾಗಿವೆ. ಅವುಗಳಲ್ಲಿ ಖಾಯಂ ಗಿರಾಕಿ ಅಂದರೆ ‘ಓನ್ಲಿ’. ‘ಐ ಆಮ್ ಹಿಯರ್ ಓನ್ಲಿ’, ‘ಹಿ ಈಸ್ ಲೈಕ್ ದಟ್ ಓನ್ಲಿ’, ‘ಟುಡೇ ಓನ್ಲಿ ಐ ಕೇಮ್’. ಒಬ್ಬ ಹೀಗೆ ಅನ್ನುತ್ತಾನೆ, ಇನ್ನೊಬ್ಬ ಹಣೆ ಚಚ್ಚಿಕೊಳ್ಳುತ್ತಾನೆ, ಹಿಂದಿನಿಂದ ನಗೆಯ ಸದ್ದು. ನಗಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಿಮ್ಮ ಪತ್ರಿಕೆಯ ಇಂಗ್ಲಿಷ್ ಕಲಿಕೆಯ ಅಂಕಣದಲ್ಲೂ ಈ ‘ಓನ್ಲಿ’ಗೆ ‘ಮಾತ್ರ’ ಅಂತ ಒಂದೇ ಪದದಲ್ಲಿ ಅರ್ಥ ಕೊಟ್ಟು, ಕೆಳಗೆ ‘ವಾಕ್ಯದ ಕೊನೆಯಲ್ಲಿ ಬಳಸಬಾರದು’ ಅಂತ ಒಂದು ಎಚ್ಚರಿಕೆಯನ್ನೂ ಹಾಕಿದ್ದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಅರ್ಧವೂ ಅಲ್ಲ.

ಮೊದಲು, ನಮ್ಮವರ ಬಾಯಲ್ಲಿ ಈ ‘ಓನ್ಲಿ’ ಎಲ್ಲಿಂದ ಬರುತ್ತದೆ ಅಂತ ನೋಡೋಣ. ‘ಎಲ್ಲಿದ್ದೀಯಾ?’ ಅಂದರೆ ‘ಇಲ್ಲೇ ಇದ್ದೀನಿ’ ಅನ್ನುತ್ತೇವೆ. ‘ಇಲ್ಲಿ ಇದ್ದೀನಿ’ ಅಂದರೆ ಏನೋ ಒಂದು ಕಡಿಮೆ. ಆ ಕೊನೆಯ ‘ಏ’ಯಲ್ಲಿ ಎಷ್ಟೆಲ್ಲಾ ಇದೆ: ದೂರ ಹೋಗಿಲ್ಲ, ಹುಡುಕಬೇಡ, ಗಾಬರಿಯಾಗಬೇಡ. ಇಂಗ್ಲಿಷಿಗೆ ಹೊರಟಾಗ ‘ಇಲ್ಲಿ’ಗೆ ‘ಹಿಯರ್’ ಸಿಕ್ಕಿತು. ‘ಏ’ಗೆ? ಶಾಲೆಯಲ್ಲಿ ಕಲಿತದ್ದರಲ್ಲಿ ಹತ್ತಿರ ಕಂಡದ್ದು ‘ಓನ್ಲಿ’. ಅದನ್ನು ತಂದು, ಕನ್ನಡದಲ್ಲಿ ‘ಏ’ ಎಲ್ಲಿ ಕೂರುತ್ತದೋ ಅಲ್ಲಿಯೇ, ಅಂದರೆ ಪದದ ಹಿಂದೆ ಕೂರಿಸಿದೆವು. ದಡ್ಡತನದಿಂದ ಆದ ಕೆಲಸ ಇದಲ್ಲ. ನಮ್ಮ ಭಾಷೆಯ ಲೆಕ್ಕ ಅದರೊಳಗೆ ಸರಿಯಾಗಿದೆ.

ಇದು ಕನ್ನಡದವರು ಮಾತ್ರ ಮಾಡುವುದೂ ಅಲ್ಲ. ಹಿಂದಿಯಲ್ಲಿ ‘ಹೀ’ ಇದೆ, ಮರಾಠಿಯಲ್ಲಿ ‘ಚ’, ತಮಿಳಿನಲ್ಲಿ ‘ತಾನ್’, ಮಲಯಾಳದಲ್ಲಿ ‘ತನ್ನೆ’, ತೆಲುಗಿನಲ್ಲಿ ನಮ್ಮ ಹಾಗೆಯೇ ‘ಏ’. ಎಲ್ಲರೂ ಒಂದೊಂದು ದಾರಿಯಲ್ಲಿ ಹೊರಟು ಅದೇ ‘ಓನ್ಲಿ’ಗೆ ಬಂದು ಸೇರಿದ್ದಾರೆ. ಅದಕ್ಕೇ ದಿಲ್ಲಿಯವನ ‘ಓನ್ಲಿ’ ಮದುರೈಯವನಿಗೆ ಥಟ್ಟನೆ ಅರ್ಥವಾಗುತ್ತದೆ. ಲಂಡನ್ನಿನವನಿಗೆ ಆಗುವುದಿಲ್ಲ.

ಈ ‘ಏ’ಗೆ ನಮ್ಮ ವ್ಯಾಕರಣದಲ್ಲಿ ಹೆಸರೂ ಇದೆ, ಹೈಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇ: ಅವಧಾರಣಾರ್ಥಕ ಅವ್ಯಯ. ನಾನೇ, ಅವನೇ, ಅದುವೇ ಅಂತ ಉದಾಹರಣೆ ಬರೆದು ಎರಡು ಅಂಕ ತೆಗೆದುಕೊಂಡು ಮರೆತುಬಿಡುತ್ತೇವೆ. ಅವಧಾರಣೆ ಅಂದರೆ ಒಂದು ಪದದ ಮೇಲೆ ಬೆರಳಿಟ್ಟು ಒತ್ತಿ ಹೇಳುವುದು. ಕನ್ನಡದ ಸೊಗಸು ಏನು ಅಂದರೆ ಈ ಬೆರಳನ್ನು ಬೇಕಾದ ಪದದ ಮೇಲೆ ಇಡಬಹುದು. ‘ನಾನು ನಿನ್ನೆ ಸೀತಮ್ಮನಿಗೆ ಐನೂರು ರೂಪಾಯಿ ಕೊಟ್ಟೆ’ ಅನ್ನುವ ಸಾದಾ ವಾಕ್ಯ ತೆಗೆದುಕೊಳ್ಳಿ. ನಾನೇ ಕೊಟ್ಟೆ ಅಂದರೆ ಬೇರೆಯವರ ಕೈಲಿ ಕಳಿಸಲಿಲ್ಲ ಅಂತ. ನಿನ್ನೆಯೇ ಕೊಟ್ಟೆ ಅಂದರೆ ತಡ ಮಾಡಿಲ್ಲ, ನನ್ನನ್ನು ಕೇಳಬೇಡಿ ಅಂತ. ಸೀತಮ್ಮನಿಗೇ ಕೊಟ್ಟೆ ಅಂದರೆ ಅವಳ ಮಗನಿಗೋ ಸೊಸೆಗೋ ಅಲ್ಲ. ಐನೂರೇ ಕೊಟ್ಟೆ ಅಂದರೆ ಅಷ್ಟೇ, ಹೆಚ್ಚಿಲ್ಲ. ಕೊಟ್ಟೇ ಕೊಟ್ಟೆ ಅಂದರೆ ಯಾರು ಇಲ್ಲ ಅಂದರೂ ಕೊಟ್ಟದ್ದು ನಿಜ. ಧಾರವಾಡದ ಕಡೆ ಈ ‘ಏ’ ಕೂಡ ಎಷ್ಟೋ ಕಡೆ ಅಳಿಸಿಹೋಗಿ ‘ನಾನಽ ಕೊಟ್ಟೀನಿ’ ಅಂತ ಬರೀ ಎಳೆತ ಉಳಿಯುತ್ತದೆ, ಆದರೂ ಒತ್ತು ಎಲ್ಲಿ ಬಿತ್ತು ಅಂತ ಕೇಳುವವರಿಗೆ ಗೊತ್ತಾಗುತ್ತದೆ.

ಈಗ ಈ ಐದರಲ್ಲಿ ಇಂಗ್ಲಿಷಿನ ‘ಓನ್ಲಿ’ ನಿಜವಾಗಿ ಒಪ್ಪುವುದು ಎಲ್ಲಿ? ‘ಐನೂರೇ’ ಅನ್ನುವಲ್ಲಿ. ಅಲ್ಲಿ ಚೆನ್ನಾಗಿ ಒಪ್ಪುತ್ತದೆ: ‘ಓನ್ಲಿ ಫೈವ್ ಹಂಡ್ರೆಡ್’. ಹತ್ತೇ ರೂಪಾಯಿ, ಎರಡೇ ದಿನ, ಒಬ್ಬನೇ ಮಗ, ಎಲ್ಲ ಕಡೆಯೂ ‘ಏ’ ತೆಗೆದು ‘ಓನ್ಲಿ’ ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲ. ನನಗೆ ಅನ್ನಿಸುವುದು, ನಮ್ಮ ಮಕ್ಕಳಿಗೆ ಗೊಂದಲ ಶುರುವಾಗುವುದೇ ಇಲ್ಲಿಂದ. ಎಣಿಕೆ ಇದ್ದಲ್ಲಿ ‘ಏ’ಗೂ ‘ಓನ್ಲಿ’ಗೂ ಸರಿಹೊಂದಿತು, ಹಾಗಾದರೆ ಎಲ್ಲ ಕಡೆಯೂ ಹೊಂದಬೇಕಲ್ಲ ಅಂತ ಮನಸ್ಸು ತಾನೇ ಲೆಕ್ಕ ಹಾಕಿಬಿಡುತ್ತದೆ. ಆದರೆ ಜಾಗ, ಹೊತ್ತು, ಆಳಿನ ವಿಷಯ ಬಂದಾಗ ಆ ಲೆಕ್ಕ ಕೈಕೊಡುತ್ತದೆ. ಇಂಗ್ಲಿಷಿನ ‘ಓನ್ಲಿ’ ಒತ್ತಿ ಹೇಳುವ ಪದವಲ್ಲ, ಹೊರಗಿಡುವ ಪದ. ಇದು ಬಿಟ್ಟು ಬೇರೆ ಯಾವುದೂ ಇಲ್ಲ ಅನ್ನುವುದೇ ಅದರ ಕೆಲಸ.

ಪದದ ಹುಟ್ಟಿನಲ್ಲೂ ಅದೇ ಇದೆ. ಹಳೆಯ ಇಂಗ್ಲಿಷಿನಲ್ಲಿ ‘ಆನ್’ ಅಂದರೆ ಒಂದು. ಅದಕ್ಕೆ ‘ಅಂಥ’ ಅನ್ನುವ ಅರ್ಥದ ಬಾಲ ಸೇರಿ ಆದದ್ದು ‘ಓನ್ಲಿ’. ಅದೇ ‘ಆನ್’ ಈಗಿನ ‘ಒನ್’ ಆಗುವಾಗ ಯಾವುದೋ ಸೀಮೆಯ ಉಚ್ಚಾರ ಅಂಟಿಕೊಂಡು ಮುಂದೆ ಒಂದು ‘ವ’ ಬಂದು ಕೂತಿತು, ಬರೆಯುವುದರಲ್ಲಿ ಅದು ಕಾಣುವುದೇ ಇಲ್ಲ. ‘ಓನ್ಲಿ’ಯಲ್ಲಿ, ‘ಅಲೋನ್’ನಲ್ಲಿ ಹಳೆಯ ಉಚ್ಚಾರ ಹಾಗೇ ಉಳಿಯಿತು. ನಮ್ಮ ‘ಒಂದೇ’ ಕೂಡ ಒಂದು ಮತ್ತು ಏ ಸೇರಿ ಆದದ್ದು, ಅಲ್ವಾ? ಅಷ್ಟರ ಮಟ್ಟಿಗೆ ಎರಡೂ ನೆಂಟರೇ.

ಹೊರಗಿಡುವ ಪದ ಅನ್ನುವುದು ಮರೆತರೆ ಏನಾಗುತ್ತದೆ ಅಂತ ಆಫೀಸುಗಳಲ್ಲಿ ಕೆಲಸ ಮಾಡುವ ಹುಡುಗರಿಗೆ ಗೊತ್ತಿರಬೇಕು. ಅಮೆರಿಕದ ಕಡೆಯವರಿಗೆ ‘ಐ ವಿಲ್ ಸೆಂಡ್ ದ ಫೈಲ್ ಟುಡೇ ಓನ್ಲಿ’ ಅಂತ ಬರೆದರೆ ನಮ್ಮ ಮನಸ್ಸಿನಲ್ಲಿ ಇರುವುದು ‘ಇವತ್ತೇ ಕಳಿಸ್ತೀನಿ, ಚಿಂತೆ ಬೇಡ’ ಅನ್ನುವ ಭರವಸೆ. ಓದಿದವನಿಗೆ ಕಾಣುವುದು ಬಟ್ಟೆ ಅಂಗಡಿಯ ಬೋರ್ಡು: ‘ಟುಡೇ ಓನ್ಲಿ’, ಇವತ್ತು ಬಿಟ್ಟರೆ ನಾಳೆ ಇಲ್ಲ. ಅವನಿಗೆ ಗಡಿಬಿಡಿ, ನಾಳೆ ಯಾಕೆ ಆಗಲ್ಲ ಅಂತ. ‘ದ ರಿಪೋರ್ಟ್ ಈಸ್ ವಿತ್ ಮಿ ಓನ್ಲಿ’ ಇನ್ನೂ ಕಷ್ಟ. ನಾವು ಹೇಳುವುದು ‘ನನ್ನ ಹತ್ತಿರವೇ ಇದೆ, ಕಳೆದಿಲ್ಲ’ ಅಂತ. ಅವನು ತಿಳಿಯುವುದು, ಇನ್ನು ಯಾರ ಹತ್ತಿರವೂ ಪ್ರತಿ ಇಲ್ಲ, ಇವನು ರಜೆ ಹಾಕಿದರೆ ಗತಿ ಏನು ಅಂತ. ವ್ಯಾಕರಣದ ಪ್ರಕಾರ ಈ ಎರಡು ವಾಕ್ಯಗಳಲ್ಲಿ ತಪ್ಪೇ ಇಲ್ಲ, ಗಮನಿಸಿ. ತಪ್ಪಿದ್ದರೆ ಕೇಳುವವನು ಇವನು ಏನೋ ಬೇರೆ ಹೇಳಲು ಹೊರಟಿದ್ದಾನೆ ಅಂತ ಊಹಿಸುತ್ತಿದ್ದ. ಸರಿಯಾದ ವಾಕ್ಯ, ಬೇರೆಯದೇ ಅರ್ಥ. ಆದ್ದರಿಂದಲೇ ನಗಬೇಕಾದ ‘ಓನ್ಲಿ’ಗಿಂತ ಯಾರೂ ನಗದ ‘ಓನ್ಲಿ’ಯೇ ಜಾಸ್ತಿ ತೊಂದರೆ ಕೊಡುವುದು.

ಹಾಗಾದರೆ ನಮ್ಮ ‘ಏ’ಯನ್ನು ಇಂಗ್ಲಿಷಿನವರು ಹೇಗೆ ಹೇಳುತ್ತಾರೆ? ಒಂದು ಪದದಿಂದ ಹೇಳುವುದಿಲ್ಲ, ಅದೇ ಫಜೀತಿ. ಬಹಳ ಸಲ ದನಿಯಲ್ಲಿ ಹೇಳುತ್ತಾರೆ. ಒತ್ತಬೇಕಾದ ಪದವನ್ನು ಸ್ವಲ್ಪ ಎತ್ತರಿಸಿ, ಸ್ವಲ್ಪ ಎಳೆದು ಉಚ್ಚರಿಸಿದರೆ ಮುಗಿಯಿತು, ಅಚ್ಚಿನಲ್ಲಿ ಅದು ಕಾಣದ ಕಾರಣ ಅಕ್ಷರಗಳನ್ನು ವಾಲಿಸಿ ಹಾಕುತ್ತಾರೆ. ನಮ್ಮಲ್ಲಿ ದನಿ ಏರಿಸುವ ಅಗತ್ಯ ಅಷ್ಟಿಲ್ಲ, ‘ಏ’ ಆ ಕೆಲಸ ಮಾಡಿಬಿಡುತ್ತದೆ. ಅದಕ್ಕೇ ಇಂಗ್ಲಿಷ್ ಮಾತಾಡುವಾಗಲೂ ನಮ್ಮ ದನಿ ಒಂದೇ ಮಟ್ಟದಲ್ಲಿ ಹೋಗುತ್ತದೆ, ಒತ್ತು ಕೊಡಲು ಪದ ಹುಡುಕುತ್ತೇವೆ. ದನಿ ಬಿಟ್ಟರೆ ಅವರಲ್ಲಿ ಚಿಲ್ಲರೆ ಪದಗಳು ಬೇಕಾದಷ್ಟಿವೆ. ‘ಇಲ್ಲೇ’ಗೆ ‘ರೈಟ್ ಹಿಯರ್’, ‘ಈಗಲೇ’ಗೆ ‘ರೈಟ್ ನೌ’, ‘ನಾನೇ ಮಾಡಿದೆ’ಗೆ ‘ಐ ಡಿಡ್ ಇಟ್ ಮೈಸೆಲ್ಫ್’, ‘ಅದೇ ಮನೆ’ಗೆ ‘ದ ಸೇಮ್ ಹೌಸ್’. ‘ಅವನು ಹಾಗೇ’ ಅನ್ನುವುದಕ್ಕೆ ‘ದಟ್ಸ್ ಜಸ್ಟ್ ಹೌ ಹಿ ಈಸ್’. ‘ಈಗ ತಾನೇ ಬಂದೆ’ಗೆ ‘ಐ ಹ್ಯಾವ್ ಓನ್ಲಿ ಜಸ್ಟ್ ಕಮ್’ ಅನ್ನಬಹುದು, ನೋಡಿ, ಇಲ್ಲಿ ‘ಓನ್ಲಿ’ ಮತ್ತೆ ಒಳಗೆ ಬಂತು.

ಕ್ರಿಯಾಪದದ ಮೇಲೆ ‘ಏ’ ಬಂದರಂತೂ ‘ಓನ್ಲಿ’ ಹತ್ತಿರವೂ ಸುಳಿಯುವುದಿಲ್ಲ. ‘ಅವನು ಬರಲೇ ಇಲ್ಲ’ ಅನ್ನುವುದು ‘ಹಿ ಡಿಡ್ ನಾಟ್ ಕಮ್ ಅಟ್ ಆಲ್’. ‘ಬಂದೇ ಬರ್ತಾನೆ’ ಅನ್ನುವುದು ‘ಹಿ ವಿಲ್ ಡೆಫಿನಿಟ್ಲಿ ಕಮ್’. ‘ಹೇಳಿಯೇ ಹೇಳಿದ್ದೆ’ ಅನ್ನುವುದಕ್ಕೆ ‘ಐ ಡಿಡ್ ಟೆಲ್ ಯೂ’, ಆ ‘ಡಿಡ್’ ಮೇಲೆ ಒತ್ತು ಬಿದ್ದರೆ ಸರಿಯಾಗಿ ನಮ್ಮ ಜಗಳದ ದನಿಯೇ ಬರುತ್ತದೆ. ಕುತೂಹಲದ ಸಂಗತಿ, ಇಂಥ ಕಡೆ ನಮ್ಮವರು ‘ಓನ್ಲಿ’ ಬಳಸುವುದು ಕಡಿಮೆ. ಎಲ್ಲಿ ತೀರಾ ಒಪ್ಪುವುದಿಲ್ಲವೋ ಅಲ್ಲಿ ಕಿವಿಯೇ ಬೇಡ ಅನ್ನುತ್ತದೆ ಅಂತ ಕಾಣುತ್ತದೆ.

ಇನ್ನು ‘ವಾಕ್ಯದ ಕೊನೆಯಲ್ಲಿ ಬಳಸಬಾರದು’ ಅನ್ನುವ ನಿಮ್ಮ ಅಂಕಣದ ಎಚ್ಚರಿಕೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೊನೆಯಲ್ಲಿ ಬರುವ ‘ಓನ್ಲಿ’ಯನ್ನು ನನ್ನಷ್ಟು ನೋಡಿದವರು ಕಡಿಮೆ. ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದ ಮೇಲೆ ‘ಓನ್ಲಿ’ ಹಾಕುತ್ತೇವೆ, ಕನ್ನಡದಲ್ಲಿ ಬರೆದರೆ ‘ಮಾತ್ರ’. ಅದು ಅಲಂಕಾರಕ್ಕಲ್ಲ. ‘ಐದು ಸಾವಿರ’ ಅಂತ ಬರೆದು ಮುಂದೆ ಜಾಗ ಬಿಟ್ಟರೆ, ಕೈಚಳಕದವನು ‘ಐದು ಸಾವಿರದ ಒಂಬೈನೂರು’ ಮಾಡಬಹುದು. ಅಂಕಿಯ ಚೌಕದಲ್ಲಿ ಕೊನೆಗೆ ಒಂದು ಓರೆಗೆರೆ, ಒಂದು ಅಡ್ಡಗೆರೆ ಎಳೆಯುವುದೂ ಇದಕ್ಕೇ. ‘ಓನ್ಲಿ’ ಬರೆಯದಿದ್ದರೆ ಚೆಕ್ ನಡೆಯುವುದಿಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ, ಅದು ಸುಳ್ಳು. ಚೆಕ್ಕು, ಹುಂಡಿಗಳಿಗೆ ಸಂಬಂಧಿಸಿದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಅಂಥ ಮಾತಿಲ್ಲ. ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರದಲ್ಲಿ ಇರುವುದೇ ಮೊತ್ತ ಅಂತ ಮಾತ್ರ ಅದರ 18ನೇ ಕಲಮಿನಲ್ಲಿ ಇದೆ. ಅಕ್ಷರಕ್ಕೆ ಅಷ್ಟು ತೂಕ ಇರುವುದರಿಂದಲೇ ಅದರ ಬಾಲ ಭದ್ರ ಮಾಡುವುದು. ಅಮೆರಿಕದಲ್ಲಿ ‘ಓನ್ಲಿ’ಯ ಬದಲು ಸೆಂಟುಗಳನ್ನು ನೂರರ ಮೇಲೆ ಭಿನ್ನರಾಶಿಯ ಹಾಗೆ ಬರೆದು, ಉಳಿದ ಜಾಗಕ್ಕೆ ಗೆರೆ ಎಳೆಯುತ್ತಾರೆ.

ಬೋರ್ಡುಗಳ ಕಥೆಯೂ ಇದೇ. ‘ಸ್ಟಾಫ್ ಓನ್ಲಿ’, ‘ಮೆಂಬರ್ಸ್ ಓನ್ಲಿ’, ಹಚ್ಚುವ ಔಷಧದ ಮೇಲೆ ‘ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ’. ಅಮೆರಿಕದ ರಸ್ತೆಗಳಲ್ಲಿ ತಿರುಗುವ ಸಾಲಿನ ಮೇಲೆ ಬಾಣ ಬರೆದು ಜೊತೆಗೆ ‘ಓನ್ಲಿ’ ಅಂತ ದೊಡ್ಡದಾಗಿ ಬಳಿದಿರುತ್ತಾರೆ. ಎಲ್ಲವೂ ಕೊನೆಯಲ್ಲೇ, ಎಲ್ಲವೂ ಸರಿಯಾದ ಇಂಗ್ಲಿಷೇ. ನಮ್ಮ ದೇಶದ ಮಾತ್ರೆಗಳ ಪಟ್ಟಿಯ (ಸ್ಟ್ರಿಪ್) ಮೇಲೆ ಬಹಳ ವರ್ಷ ಒಂದು ಸಾಲು ಇರುತ್ತಿತ್ತು: ‘ಟು ಬಿ ಸೋಲ್ಡ್ ಬೈ ರಿಟೇಲ್ ಆನ್ ದ ಪ್ರಿಸ್ಕ್ರಿಪ್ಷನ್ ಆಫ್ ಎ ರಿಜಿಸ್ಟರ್ಡ್ ಮೆಡಿಕಲ್ ಪ್ರಾಕ್ಟಿಷನರ್ ಓನ್ಲಿ’. ಸಣ್ಣ ಅಕ್ಷರ, ಕನ್ನಡಕ ಬೇಕು. ಅಷ್ಟು ಉದ್ದದ ವಾಕ್ಯದ ತುದಿಯಲ್ಲಿ ಕೂತಿರುವ ಆ ‘ಓನ್ಲಿ’ ಯಾವುದಕ್ಕೆ ಸೇರಿದ್ದು? ನೋಂದಾಯಿತ ವೈದ್ಯರ ಚೀಟಿಗೆ ಮಾತ್ರವೋ, ಚೀಟಿ ಇದ್ದರೆ ಮಾತ್ರವೋ, ಚಿಲ್ಲರೆ ಮಾರಾಟಕ್ಕೆ ಮಾತ್ರವೋ? ಅಂಗಡಿಯವರಿಗೂ ನಮಗೂ ಅರ್ಥವಾಗುತ್ತಿತ್ತು, ಯಾಕೆಂದರೆ ವಿಷಯ ಗೊತ್ತಿತ್ತು. ಈಚಿನ ಪಟ್ಟಿಗಳ ಮೇಲೆ ‘ಚೀಟಿ ಇಲ್ಲದೆ ಚಿಲ್ಲರೆಯಾಗಿ ಮಾರಬಾರದು’ ಅನ್ನುವ ಅರ್ಥದ ‘ನಾಟ್ ಟು ಬಿ ಸೋಲ್ಡ್’ ಕಾಣುತ್ತದೆ, ಅದು ಎಷ್ಟೋ ಸ್ಪಷ್ಟ. ಮಾತ್ರೆ ಪಟ್ಟಿಯ ಮೇಲಿನ ಆ ಕೊನೆಯ ‘ಓನ್ಲಿ’ಗೆ ಯಾರೂ ರೀಲ್ಸ್ ಮಾಡಲಿಲ್ಲ ಅನ್ನುವುದನ್ನು ಸುಮ್ನೆ ಹೇಳುತ್ತಿದ್ದೇನೆ.

ಈ ಪದವನ್ನು ಎಲ್ಲಿ ಕೂರಿಸಬೇಕು ಅಂತ ಇಂಗ್ಲಿಷರೇ 250 ವರ್ಷಗಳಿಂದ ಕಿತ್ತಾಡುತ್ತಿದ್ದಾರೆ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರಲ್ಲಿ ಬರೆದ ವ್ಯಾಕರಣದಲ್ಲೇ ತಕರಾರು ತೆಗೆದಿದ್ದ. ಜನ ‘ಐ ಓನ್ಲಿ ಸ್ಪೇಕ್ ತ್ರೀ ವರ್ಡ್ಸ್’ ಅನ್ನುತ್ತಾರೆ, ಅವರ ಮನಸ್ಸಿನಲ್ಲಿ ಇರುವುದು ‘ಐ ಸ್ಪೇಕ್ ಓನ್ಲಿ ತ್ರೀ ವರ್ಡ್ಸ್’ ಅಂತ. ಮೂರಕ್ಕೆ ಸೇರಬೇಕಾದ್ದನ್ನು ಮಾತಾಡುವುದಕ್ಕೆ ಸೇರಿಸಿದರು ಅನ್ನುವುದು ಅವನ ದೂರು. ಮೇಷ್ಟ್ರುಗಳು ಅಲ್ಲಿಂದ ಈ ನಿಯಮ ಹಿಡಿದು ಮಕ್ಕಳ ಕಿವಿ ಹಿಂಡುತ್ತಾ ಬಂದರು. 1926ರಲ್ಲಿ ನಿಘಂಟುಕಾರ ಫೌಲರ್ ತನ್ನ ಇಂಗ್ಲಿಷ್ ಬಳಕೆಯ ಕೈಪಿಡಿಯಲ್ಲಿ ಇದಕ್ಕೆ ಉಲ್ಟಾ ಹೊಡೆದ. ‘ಹಿ ಓನ್ಲಿ ಡೈಡ್ ಎ ವೀಕ್ ಅಗೋ’ ಅಂದರೆ ಸತ್ತು ಒಂದೇ ವಾರ ಆಗಿದೆ ಅಂತ ಎಲ್ಲರಿಗೂ ಅರ್ಥವಾಗುತ್ತದೆ, ಗೊಂದಲವೇ ಇಲ್ಲದ ಕಡೆ ಯಾಕೆ ಪದವನ್ನು ಎಳೆದಾಡುತ್ತೀರಿ ಅನ್ನುವುದು ಅವನ ನಿಲುವು. ನಾನು ಫೌಲರ್ ಪಕ್ಷ, ಮಾತಿನ ಮಟ್ಟಿಗೆ. ಆದರೆ ಕರಾರು ಪತ್ರ, ಅರ್ಜಿ, ಸಾಲದ ಷರತ್ತು ಬರೆಯುವಾಗ ಲೌತ್ ಹೇಳಿದ್ದೇ ಸರಿ. ‘ಓನ್ಲಿ ದ ಸನ್ ಮೇ ಸೆಲ್’ ಅಂದರೆ ಮಗ ಬಿಟ್ಟು ಬೇರೆ ಯಾರೂ ಮಾರುವ ಹಾಗಿಲ್ಲ. ‘ದ ಓನ್ಲಿ ಸನ್ ಮೇ ಸೆಲ್’ ಅಂದರೆ ಒಬ್ಬನೇ ಮಗ ಮಾರಬಹುದು. ‘ದ ಸನ್ ಮೇ ಓನ್ಲಿ ಸೆಲ್’ ಅಂದರೆ ಮಗ ಮಾರಬಹುದೇ ಹೊರತು ಅಡ ಇಡುವುದು, ಬಾಡಿಗೆಗೆ ಕೊಡುವುದು ಕೂಡದು. ಮೂರು ಮನೆಗೆ ಮೂರು ದಾವೆ ಆಗುವಷ್ಟು ಸರಕು ಇಲ್ಲಿದೆ.

‘ಇಫ್’ ಜೊತೆ ಬಂದಾಗಲೂ ಹಾಗೇ. ‘ಓನ್ಲಿ ಇಫ್ ಇಟ್ ರೇನ್ಸ್’ ಅಂದರೆ ಮಳೆ ಬಂದರೆ ಮಾತ್ರ. ‘ಇಫ್ ಓನ್ಲಿ ಇಟ್ ರೇನ್ಡ್’ ಅಂದರೆ ಅಯ್ಯೋ ಒಂದು ಮಳೆ ಬರಬಾರದಾ ಅಂತ. ಮೊದಲನೆಯದು ಷರತ್ತು, ಎರಡನೆಯದು ಹಂಬಲ. ‘ಓನ್ಲಿ ಟೂ ಹ್ಯಾಪಿ’ ಅಂದರೆ ಸಂತೋಷ ಮಾತ್ರ ಅಲ್ಲ, ಬಹಳ ಬಹಳ ಸಂತೋಷ. ಇಂಥವನ್ನು ‘ಓನ್ಲಿ ಅಂದರೆ ಮಾತ್ರ’ ಅನ್ನುವ ಒಂದು ಗೆರೆಯಲ್ಲಿ ಹೇಗೆ ಕಟ್ಟಿಹಾಕುತ್ತೀರಿ?

ಅಷ್ಟಕ್ಕೂ ನಮ್ಮ ‘ಮಾತ್ರ’ವೂ ಸುಲಭದ ಪದವಲ್ಲ. ‘ಅವಳು ಮಾತ್ರ ಬಂದಳು’ ಅಂದರೆ ಸರಿ, ಬೇರೆ ಯಾರೂ ಬರಲಿಲ್ಲ. ಆದರೆ ‘ಇವತ್ತು ಮಾತ್ರ ಬಿಸಿಲು ಜೋರು’ ಅಂದಾಗ ಉಳಿದ ದಿನ ಬಿಸಿಲು ಇರಲಿಲ್ಲ ಅಂತಲ್ಲ, ಇವತ್ತಿನದು ತಡೆಯಲು ಆಗದ್ದು ಅಂತ. ‘ನಾನು ಮಾತ್ರ ಸಹಿ ಹಾಕಲ್ಲ’ ಅಂದರೆ ನೀವೆಲ್ಲ ಏನು ಬೇಕಾದರೂ ಮಾಡಿಕೊಳ್ಳಿ, ನನ್ನನ್ನು ಬಿಡಿ ಅಂತ. ಇವನ್ನು ‘ಓನ್ಲಿ’ ಹಾಕಿ ಇಂಗ್ಲಿಷಿಗೆ ತಿರುಗಿಸಿದರೆ ಹೇಳಿದ್ದೊಂದು, ಮುಟ್ಟಿದ್ದೊಂದು. ಇನ್ನು ನಿಮ್ಮ ವರದಿಗಳಲ್ಲಿ ‘ನಾಟ್ ಓನ್ಲಿ’ಯನ್ನು ಹಾಗೇ ಇಳಿಸಿ ‘ಮಾತ್ರವಲ್ಲದೆ’ ‘ಮಾತ್ರವಲ್ಲದೆ’ ಅಂತ ಒಂದೇ ಪುಟದಲ್ಲಿ ಎಷ್ಟು ಸಲ ಬರುತ್ತದೆ ಅಂತ ಒಮ್ಮೆ ನೋಡಿ. ‘ಅಷ್ಟೇ ಅಲ್ಲ’ ಅಂದರೆ ಸಾಕು. ಇದು ಪತ್ರದ ವಿಷಯವಲ್ಲ, ಆದರೂ ಸಿಕ್ಕ ಅವಕಾಶ ಯಾಕೆ ಬಿಡಲಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಶಾಲೆಯಲ್ಲಿ ಕನ್ನಡ ಮೇಷ್ಟ್ರು ಅವಧಾರಣೆ ಪಾಠ ಮಾಡಿ ಹೊರಗೆ ಹೋಗುತ್ತಾರೆ, ಗಂಟೆ ಹೊಡೆದ ಮೇಲೆ ಇಂಗ್ಲಿಷ್ ಮೇಡಮ್ ಒಳಗೆ ಬಂದು ‘ಹಿಯರ್ ಓನ್ಲಿ ತಪ್ಪು’ ಅಂತ ಕೆಂಪು ಗೆರೆ ಎಳೆಯುತ್ತಾರೆ. ಆ ಎರಡು ಪಾಠಗಳು ಒಂದೇ ಸಂಗತಿಯ ಬಗ್ಗೆ ಅಂತ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ‘ಏ’ ಎಲ್ಲಿ ಬಂತು, ಎಣಿಕೆಯ ಮೇಲೋ, ಜಾಗದ ಮೇಲೋ, ಕ್ರಿಯಾಪದದ ಮೇಲೋ ಅಂತ ನೋಡಿಕೊಂಡು ಇಂಗ್ಲಿಷ್ ಪದ ಆರಿಸುವುದನ್ನು ಕಲಿಸಲು ಒಂದು ತರಗತಿ ಜಾಸ್ತಿಯೇ ಆಯಿತು. ಕನ್ನಡ ಮಾಧ್ಯಮದ ಮಗುವಿಗೆ ಇದು ಇನ್ನೂ ಬೇಗ ಹತ್ತುತ್ತದೆ, ಯಾಕೆಂದರೆ ಲೆಕ್ಕದ ಅರ್ಧ ಭಾಗ ಅದರ ತಲೆಯಲ್ಲಿ ಆಗಲೇ ಇದೆ. ನಿಮ್ಮ ಅಂಕಣಕಾರರು ಇದನ್ನು ಮಾಡಬಹುದು. ‘ಮಾತ್ರ’ ಅಂತ ಬರೆದು ಬಿಟ್ಟದ್ದರ ಜೊತೆಗೆ ‘ಇಲ್ಲೇ, ಈಗಲೇ, ನಾನೇ’ ಇವುಗಳಿಗೆ ಏನನ್ನಬೇಕು ಅಂತ ಇನ್ನೊಂದು ಕಂತು ಕೊಡಲಿ.

ಹಾಗೆ ಕೊಡುವಾಗ ‘ಟುಡೇ ಇಟ್ಸೆಲ್ಫ್’, ‘ನೌ ಇಟ್ಸೆಲ್ಫ್’ ಬಗ್ಗೆಯೂ ಎರಡು ಸಾಲು ಇರಲಿ. ‘ಓನ್ಲಿ’ ಬೇಡ ಅಂತ ಬೈಸಿಕೊಂಡವರು ಈಗ ಅದರ ಜಾಗಕ್ಕೆ ಕರೆತಂದಿರುವುದು ಅದನ್ನೇ.

ಇಂತಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ